ಮುಂಡರಗಿ ಹಂದರದ ಬೇಸ್ ಪೆಟ್ಟಿಗೆ

1983ರ ಮದುವೆ ಸೀಸನ್ನಿನಲ್ಲಿ ನಾನು ಗದಗ-ಬೆಟಗೇರಿಯ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಬೇಸ್ ಗಿಟಾರ್ ವಾದಕನಾಗಿದ್ದೆ. ವಯಸ್ಸು ಇಪ್ಪತ್ತಾರು. ಪೂರ್ತಿ ಹೆಸರು ದಾವಲಸಾಬ, ಪಾರ್ಟಿಯವರಿಗೆಲ್ಲ ಬರೀ ದಾವಲ. ಹಗಲು ಬೆಟಗೇರಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದೆ. ಮದುವೆ, ಸೀಮಂತ, ಮಾಸ್ತರರ ಬೀಳ್ಕೊಡುಗೆ, ಹೀಗೆ ಯಾವ ಫಂಕ್ಷನ್ ಇದ್ದರೂ ಬಾಡಿಗೆ ಟೆಂಪೊದಲ್ಲಿ ಹೋಗಿ ಸಿನಿಮಾ ಹಾಡು ನುಡಿಸಿ ಬರುತ್ತಿದ್ದೆವು. ನಾವು ಒಟ್ಟು ಏಳು ಜನ. ನಮ್ಮಲ್ಲಿ ಆರು ಜನ ಏನು ಮಾಡುತ್ತಾರೆ ಎಂಬುದು ಹಂದರದಲ್ಲಿ ಕೂತವರಿಗೆಲ್ಲ ತಿಳಿಯುತ್ತಿತ್ತು. ಏಳನೆಯವನು ನಾನು.

ಮಾಮೂಲಿ ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕೇ. ಅವು ದಪ್ಪ, ದನಿಯೂ ದಪ್ಪ. ಮಾಮೂಲಿ ಗಿಟಾರ್ ಹಾಡಿನ ಮೇಲ್ಭಾಗದಲ್ಲಿ ಓಡಾಡಿಕೊಂಡಿದ್ದರೆ ಬೇಸ್ ಕೆಳಗೆ ನಿಂತು ತಾಳವನ್ನೂ ಶ್ರುತಿಯನ್ನೂ ಒಟ್ಟಿಗೆ ಹಿಡಿದಿರುತ್ತದೆ. ಅದು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ಮಾತ್ರ ಹಾಡು ಊಟ ಬಿಟ್ಟವರ ಹಾಗೆ ಸೊರಗುತ್ತದೆ. ಇದನ್ನು ನಾನು ಎಷ್ಟು ಜನರಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ತಿಳಿದವರು ಕಡಿಮೆ. ಪ್ರತಿ ಊರಿನಲ್ಲೂ ಒಬ್ಬ ಹಿರಿಯರು ಹತ್ತಿರ ಬಂದು ಗಿಟಾರ್ ನೋಡಿ ಕನಿಕರದಿಂದ ಕೇಳುವರು: "ಎರಡು ತಂತಿ ಹರದಾವೇನ್ರಿ?"

ನಮ್ಮ ತಂದೆ ಬ್ಯಾಂಡ್ ಕಂಪನಿಯಲ್ಲಿ ದೊಡ್ಡ ಹಿತ್ತಾಳೆಯ ಕಹಳೆ ಊದುತ್ತಿದ್ದರು. ಮೆರವಣಿಗೆಯಲ್ಲಿ ‘ಭೋಂ ಭೋಂ’ ಎನ್ನುವ ಹೆಗಲ ಮೇಲಿನ ವಾದ್ಯ ಅದು. ನಾನೂ ಹದಿನೇಳನೆಯ ವರ್ಷದಿಂದ ಐದು ವರ್ಷ ಅದನ್ನೇ ಊದಿದೆ. ಆಮೇಲೆ ಆರ್ಕೆಸ್ಟ್ರಾದ ಹುಚ್ಚು ಹತ್ತಿತು. ಕಂಪನಿ ಬಿಡುವಾಗ ತಂದೆ ಬೈಯಲಿಲ್ಲ, "ದಪ್ಪ ದನಿ ಮಾತ್ರ ಬಿಡಬ್ಯಾಡ" ಎಂದಷ್ಟೇ ಹೇಳಿದರು. ಹಾಗಾಗಿ ಬೇಸ್ ಗಿಟಾರ್ ನನಗೆ ಶೋಕಿ ಆಗಿರಲಿಲ್ಲ. ಮನೆತನದ ಕೆಲಸ ಹೊಸ ಅಂಗಿ ಹಾಕಿಕೊಂಡಿತ್ತು, ಅಷ್ಟೇ.

ಗಿಟಾರನ್ನು ಕೊಂಡದ್ದು ಹುಬ್ಬಳ್ಳಿಯ ರೈಲ್ವೆ ವಸಾಹತಿನಲ್ಲಿ. ನಿವೃತ್ತರಾದ ಒಬ್ಬ ಗಾರ್ಡ್ ಸಾಹೇಬರ ಬಳಿ ಕಲಕತ್ತೆಯಲ್ಲಿ ತಯಾರಾದ ಎರಡು ಬೇಸ್ ಗಿಟಾರುಗಳಿದ್ದವು. ಒಂದು ಕೆಂಪು, ಕನ್ನಡಿಯ ಹಾಗೆ ಮಿಂಚುತ್ತಿತ್ತು. ಇನ್ನೊಂದು ಕಂದು ಬಣ್ಣದ್ದು, ಅಂಚಿನಲ್ಲಿ ಪಾಲಿಶ್ ಹಾರಿಹೋಗಿತ್ತು. ಕೆಂಪಿನದರ ತಂತಿಯ ಅಳತೆ ಮೂವತ್ನಾಲ್ಕು ಇಂಚು, ಕಂದಿನದು ಮೂವತ್ತು. ಉದ್ದ ತಂತಿಯ ದನಿ ಬಿಗಿ ಮತ್ತು ಗಂಭೀರ, ಆದರೆ ನನ್ನ ಬೆರಳು ಗಿಡ್ಡ. ನಿಂತು ಮೂರು ತಾಸು ನುಡಿಸಬೇಕಾದವನು ಕನ್ನಡಿಯ ಮುಂದೆ ಐದು ನಿಮಿಷ ಹಿಡಿದು ನೋಡಿ ಗಿಟಾರ್ ಆರಿಸಬಾರದು. ಎರಡನ್ನೂ ಒಂದಾದ ಮೇಲೊಂದು ಕೊರಳಿಗೆ ಹಾಕಿಕೊಂಡು ಆ ಮನೆಯ ಅಂಗಳದಲ್ಲಿ ಅರ್ಧ ತಾಸು ಸುಮ್ಮನೆ ನಿಂತೆ. ಸಾಹೇಬರು ನನಗೆ ತಲೆ ಸರಿ ಇಲ್ಲ ಎಂದುಕೊಂಡಿರಬೇಕು. ಕೆಂಪಿನದಕ್ಕೆ ಎಡಹೆಗಲು ನೋಯಿತು. ಆಮೇಲೆ ಬಡಿಗ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಎರಡರ ಕತ್ತನ್ನೂ ನೋಡಿದೆ. ಕೆಂಪಿನದರ ಕತ್ತು ಕೂದಲೆಳೆಯಷ್ಟು ಬಾಗಿತ್ತು. ಕಂದು ನೆಟ್ಟಗಿತ್ತು. ಮನಸ್ಸು ಕೆಂಪಿನ ಮೇಲಿದ್ದರೂ ಕಂದನ್ನು ಹೊತ್ತು ಬಂದೆ.

ಹೊಸ ತಂತಿ ಗದಗಿನಲ್ಲಿ ಸಿಗುತ್ತಿರಲಿಲ್ಲ. ಬೆವರು ಹಿಡಿದು ದನಿ ಮಂಕಾದ ತಂತಿಗಳನ್ನು ಬಿಚ್ಚಿ, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಒಣಗಿಸಿ ಮತ್ತೆ ಕಟ್ಟುತ್ತಿದ್ದೆ. ದನಿ ಹದಿನೈದು ದಿನಕ್ಕಾದರೂ ಹೊಸದಾಗುತ್ತಿತ್ತು. ಮೊದಲ ಸಲ ಕುದಿಸಿದ ದಿನವೇ ನಮ್ಮವ್ವ ಚಹಾದ ಪಾತ್ರೆಯನ್ನು ನನ್ನ ಕೈಗೆ ಸಿಗದ ಜಾಗದಲ್ಲಿ ಇಟ್ಟಳು.

ಗಿಟಾರ್ ಸರಿಯಾಯಿತು. ತೊಂದರೆ ಇದ್ದದ್ದು ದನಿ ಹೊರಬರುವ ಕಡೆ. ಆಗಿನ ಫಂಕ್ಷನ್ನುಗಳಲ್ಲಿ ಕಂಬಕ್ಕೆ ಕಟ್ಟುವ ಭೋಂಗಾ, ಅಂದರೆ ಹಾರ್ನ್ ಸ್ಪೀಕರೇ ಗತಿ. ಮಾತು ಮತ್ತು ಹಾಡಿಗೆ ಅದು ಸಾಕು. ಆದರೆ ತೆಳು ದನಿಯನ್ನು ಎರಡು ಫರ್ಲಾಂಗು ಎಸೆಯುವ ಅದರ ಗಂಟಲಲ್ಲಿ ದಪ್ಪ ದನಿ ಇಳಿಯುವುದೇ ಇಲ್ಲ. ನಾನು ಬೆವರು ಸುರಿಸಿ ನುಡಿಸಿದ್ದು ಅದರ ಬಾಯಿಂದ ಸೊಳ್ಳೆಯ ದನಿಯಾಗಿ ಬರುತ್ತಿತ್ತು.

ನಮ್ಮ ಪಾರ್ಟಿಯ ಯಜಮಾನರು ಶಂಕ್ರಪ್ಪ ಮಾಸ್ತರ. ಅಕಾರ್ಡಿಯನ್ ನುಡಿಸುತ್ತಿದ್ದರು. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಆದರೆ ಹೊಸ ವಸ್ತು ಕಂಡರೆ ಕೈ ತುರಿಸುವುದು. ಆ ವರ್ಷ ಹುಬ್ಬಳ್ಳಿಯಲ್ಲಿ ಒಂದು ವಿದೇಶಿ ಕೀಬೋರ್ಡ್ ನೋಡಿ ಬಂದಿದ್ದರು. ಅದರಲ್ಲಿ ಎಡಗೈಯಿಂದಲೇ ಬೇಸ್ ನುಡಿಸಬಹುದಂತೆ. ಬಂದವರೇ ನನ್ನನ್ನು ಕೂರಿಸಿಕೊಂಡು ಮಾತು ಮುಗಿಸಿದರು.

"ದಾವಲ, ಸಿಟ್ಟ ಆಗಬ್ಯಾಡ. ಇನ್ನ ಮೂರು ಫಂಕ್ಷನ್ ನೋಡ್ತೀನಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಮೂರು ಮುಗಿಯೂದ್ರಾಗ ನಿನ್ನ ದನಿ ಮಂದಿಗೆ ಮುಟ್ಟಬೇಕು. ಇಲ್ಲಂದ್ರ ಕೀಬೋರ್ಡ್ ತರ್ತೀನಿ. ನೀ ತಿರಗಿ ತಂದಿ ಕಂಪನಿಗೆ ಹೋಗು."

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ಪಾರ್ಟಿಯಲ್ಲಿ ನಿಂತು ನುಡಿಸುವುದಕ್ಕಿಂತ ದೊಡ್ಡ ಆಸೆ ನನಗೆ ಆಗ ಬೇರೆ ಇರಲಿಲ್ಲ.

ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರದ ಮದುವೆ. ಅಲ್ಲಿ ಹಳೆಯ ಭೋಂಗಾಗಳ ಮೇಲೆಯೇ ನುಡಿಸಿದೆ. ಮುಗಿದ ಮೇಲೆ ಮದುಮಗನ ಕಾಕಾ ಎಲ್ಲರ ಕೈ ಕುಲುಕುತ್ತ ಬಂದು ನನ್ನ ಮುಂದೆ ನಿಂತು, "ನೀವು ಸಾಮಾನ ಹೊರೂ ಪೈಕಿ ಏನ್ರಿ?" ಎಂದರು. ಮಾಸ್ತರ ದೂರದಿಂದಲೇ ನನಗೆ ಒಂದು ಬೆರಳು ತೋರಿಸಿದರು.

ಶಿರಹಟ್ಟಿಗೆ ಹಟ ಹಿಡಿದು ಹೋದೆ. ಪರಿಚಯದ ಸೌಂಡ್ ಸರ್ವಿಸ್‌ನವರಿಂದ ನೂರು ವ್ಯಾಟಿನ ಆಂಪ್ಲಿಫೈಯರ್ ಮತ್ತು ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಎರವಲು ತಂದೆ. ವ್ಯಾಟ್ ಹೆಚ್ಚಿದ್ದರೆ ದನಿ ತಾನಾಗಿ ಚೆನ್ನಾಗುತ್ತದೆ ಎಂದು ನಂಬಿದ್ದ ಕಾಲ ಅದು. ಮದುವೆಯ ಹಾಲ್ ಹೊಸದು, ಮೇಲೆ ತಗಡಿನ ಚಾವಣಿ. ಮೊದಲ ಹಾಡಿನ ಮೊದಲ ಸಾಲಿಗೇ ಚಾವಣಿಯ ಬೋಲ್ಟುಗಳೆಲ್ಲ ನನ್ನ ಜೊತೆ ಹಾಡತೊಡಗಿದವು. ಮೂಲೆಯಲ್ಲಿ ಒಟ್ಟಿದ್ದ ಸ್ಟೀಲ್ ತಾಟುಗಳು ಕುಣಿದವು. ಹಿಂದಿನಿಂದ ಅಡಿಗೆಯವಳ ಕೂಗು ಕೇಳಿತು: "ಆಣಿಕಲ್ಲು ಮಳಿ ಬಂತ್ರವಾ! ಬಿಸಲಿಗೆ ಹಾಕಿದ ಶಾವಗಿ ಒಳಗ ತರ್ರಿ!" ಹತ್ತು ಜನ ಹೆಂಗಸರು ಉಟ್ಟ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಅಂಗಳಕ್ಕೆ ಓಡಿದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವರು ಶಾವಿಗೆಯ ಚಾಪೆ ಹಿಡಿದುಕೊಂಡು ಆಕಾಶ ನೋಡುತ್ತ ನಿಂತ ಚಿತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಾಸ್ತರ ಈ ಸಲ ಎರಡು ಬೆರಳು ತೋರಿಸಿದರು. "ಇವತ್ತ ನಿನ್ನ ದನಿ ಮುಟ್ಟಿತು, ಖರೆ. ಆದ್ರ ಶಾವಗಿ ಒಳಗ ತಂದವ್ರು ಯಾರೂ ನಿನಗ ಶಾಬಾಸ್ ಅನ್ನಲಿಲ್ಲ."

ಮುಂಡರಗಿಯ ಮದುವೆಗೆ ಹದಿನೆಂಟು ದಿನ ಉಳಿದಿತ್ತು. ಈ ಸಲ ಎರವಲು ಬೇಡ, ನನ್ನದೇ ಪೆಟ್ಟಿಗೆ ಇರಲಿ ಎಂದು ನಿರ್ಧರಿಸಿದೆ. ಮುಚ್ಚಿಹೋದ ಒಂದು ಟೂರಿಂಗ್ ಟಾಕೀಸಿನ ಹದಿನೈದು ಇಂಚಿನ ಸ್ಪೀಕರ್ ಗುಜರಿಯಲ್ಲಿ ಸಿಕ್ಕಿತು. ಅದರ ಕಾಗದದ ಬಾಯಿ ಹರಿದಿತ್ತು. ನೇಕಾರರ ಓಣಿಯಿಂದ ತೆಳುವಾದ ಬಟ್ಟೆಯ ಚೂರು ತಂದು ಬಡಿಗರು ಬಳಸುವ ಸರಸಿನ ಅಂಟಿನಿಂದ ತೇಪೆ ಹಚ್ಚಿದೆ. ರಿಪೇರಿ ಅಂಗಡಿಯಲ್ಲಿ ಬಿದ್ದಿದ್ದ ಮೂವತ್ತು ವ್ಯಾಟಿನ ವಾಲ್ವ್ ಆಂಪ್ಲಿಫೈಯರಿಗೆ ಜೀವ ಕೊಟ್ಟೆ. ವಾಲ್ವ್ ಅಂದರೆ ಗಾಜಿನ ಬಲ್ಬಿನಂಥದ್ದು. ಕಾಯಲು ಎರಡು ನಿಮಿಷ ಬೇಕು, ಕಾದ ಮೇಲೆ ದನಿ ದುಂಡಗೆ ಬರುತ್ತದೆ.

ಪೆಟ್ಟಿಗೆ ಮಾಡಿದವನು ಬೆಟಗೇರಿಯ ಮಾನಪ್ಪ ಬಡಿಗೇರ. ಹಳೆಯ ಬಾಗಿಲಿನ ತೇಗದ ಹಲಗೆಗಳನ್ನು ಕೂಡಿಸಿ, ಎತ್ತು ಹತ್ತಿ ನಿಂತರೂ ಮುರಿಯದ ಹಾಗೆ ಕಟ್ಟಿದ. ಸ್ಪೀಕರಿನ ಹಿಂದಿನ ಗಾಳಿ ಹೊರಹೋಗಲು ಪೆಟ್ಟಿಗೆಗೆ ಒಂದು ಕಂಡಿ ಬೇಕು, ಅದು ಮುಂದೆ ಇರಬೇಕು ಎಂದು ನಾನು ಚಿತ್ರ ಬರೆದು ಕೊಟ್ಟಿದ್ದೆ. ಹೋಗಿ ನೋಡಿದರೆ ಕಂಡಿ ತಳದಲ್ಲಿದೆ, ಕೆಳಗೆ ನಾಲ್ಕು ಗಿಡ್ಡ ಕಾಲುಗಳಿವೆ.

"ಮುಂದ ಕಂಡಿ ಬಿಟ್ರ ಇಲಿ ಹೊಕ್ಕಾವು" ಎಂದ ಮಾನಪ್ಪ.

"ತಳದಾಗಿಂದ ಹೋಗೂದಿಲ್ಲೇನೋ ಮಾರಾಯ?"

"ಹೊಕ್ಕಾವು. ಆದ್ರ ನೋಡಿದವ್ರಿಗೆ ಕಾಣೂದಿಲ್ಲ."

ಬದಲಿಸಿ ಕಟ್ಟಲು ದಿನ ಉಳಿದಿರಲಿಲ್ಲ. ಹಾಗೇ ಟೆಂಪೊಕ್ಕೆ ಏರಿಸಿದೆವು.

ಮೇ ಕೊನೆಯ ವಾರ. ಮುಂಡರಗಿಯ ಆ ಮನೆ ಹಳೆಯ ಕಾಲದ ವಾಡೆ. ಮುಂದೆ ದೊಡ್ಡ ಅಂಗಳ, ಸುತ್ತ ಎರಡಾಳೆತ್ತರದ ಕಲ್ಲಿನ ಗೋಡೆ. ಅಂಗಳದ ತುಂಬ ಹಂದರ ಹಾಕಿದ್ದರು. ಮನೆಯ ಯಜಮಾನಿ ಗಂಗಮ್ಮನವರು. ಗಂಡ ತೀರಿ ಹತ್ತು ವರ್ಷವಾಗಿತ್ತು, ಹೊಲಮನೆ ಎಲ್ಲವನ್ನೂ ಒಬ್ಬರೇ ನಡೆಸುತ್ತಿದ್ದರು. ಒಬ್ಬಳೇ ಮಗಳ ಮದುವೆ. ಮಧ್ಯಾಹ್ನ ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ನಾಲ್ಕರಿಂದ ಆರರವರೆಗೆ ನಮ್ಮ ಪ್ರೋಗ್ರಾಂ.

ಅಂಗಳಕ್ಕೆ ಅಂದೇ ಸೆಗಣಿ ಸಾರಿಸಿದ್ದರು, ಕೆಲವು ಕಡೆ ಇನ್ನೂ ಹಸಿ ಇತ್ತು. ಹಂದರದ ಪಕ್ಕದಲ್ಲಿ ನೆಲಕ್ಕೆ ಸಮವಾಗಿ ಒಂದು ಅಗಲವಾದ ಚಪ್ಪಡಿ ಕಲ್ಲು ಕಂಡಿತು. ಸಮತಟ್ಟು, ಒಣಗಿದ ಜಾಗ. ಹೇಳಿ ಮಾಡಿಸಿದ ಹಾಗಿದೆ ಎಂದು ಪೆಟ್ಟಿಗೆಯನ್ನು ಅದರ ಮೇಲೆಯೇ ಇಟ್ಟೆ. ಯಾರನ್ನೂ ಕೇಳಲಿಲ್ಲ. ತಪ್ಪಾದದ್ದು ಅಲ್ಲೇ.

ಮೊದಲ ಹಾಡು ಶುರುವಾಯಿತು. ನಾನು ಮೂರನೆಯ ತಂತಿಯನ್ನು, ಬೆರಳು ಒತ್ತದೆ, ಬರಿದೆ ಮೀಟಿದೆ. ‘ಎ’ ಸ್ವರ. ನೆಲ ಗುಂಯ್ ಎಂದಿತು. ಉತ್ಪ್ರೇಕ್ಷೆ ಮಾಡುತ್ತಿಲ್ಲ, ದನಿ ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಜಮಖಾನೆಯ ಮೇಲೆ ಕೂತ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮಕ್ಕಳು ಬರಿಗಾಲಲ್ಲಿ ಬಂದು ಪೆಟ್ಟಿಗೆಯ ಸುತ್ತ ನಿಂತು ಕಚಗುಳಿ ಇಟ್ಟವರ ಹಾಗೆ ಕುಣಿದರು. ಅಕಾರ್ಡಿಯನ್ ಎಳೆಯುತ್ತಿದ್ದ ಮಾಸ್ತರ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಎರಡು ವರ್ಷದಲ್ಲಿ ಅವರು ನನಗೆ ಹುಬ್ಬು ಹಾರಿಸಿದ್ದು ಅದೇ ಮೊದಲು. ನನ್ನ ಸಂತೋಷಕ್ಕೆ ಮೇರೆಯೇ ಇರಲಿಲ್ಲ.

ಎರಡನೆಯ ಹಾಡು ಮುಗಿದಾಗ ಗಂಗಮ್ಮನವರು ಚಹಾದ ಲೋಟ ಹಿಡಿದು ನನ್ನ ಬಳಿ ಬಂದರು. ಯಜಮಾನಿ ತಾವೇ ಚಹಾ ತಂದರಲ್ಲ ಎಂದು ನಾನು ಹಿಗ್ಗಿದೆ. ಅವರು ಲೋಟವನ್ನು ನನ್ನ ಕೈಗಿಟ್ಟರು. ಮುಖದಲ್ಲಿ ನಗು ಇಟ್ಟುಕೊಂಡೇ ಪಿಸುದನಿಯಲ್ಲಿ ಹೇಳಿದರು:

"ತಮ್ಮಾ, ನಿನ್ನ ಪೆಟ್ಟಿಗಿ ಹಗೇವಿನ ಮ್ಯಾಲೈತಿ. ಅದು ಬರಿದೈತಿ."

ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ಆಳವಾಗಿ ತೋಡಿದ ಕಣಜ. ತುಂಬಿದ ಮೇಲೆ ಬಾಯಿಗೆ ಚಪ್ಪಡಿ ಇಟ್ಟು ಮಣ್ಣಿನಿಂದ ಬಿಗಿಯಾಗಿ ಮುಚ್ಚುತ್ತಾರೆ. ನಮ್ಮ ಕಡೆ ಆಗ ಬೀಗತನದ ಮಾತಿನಲ್ಲಿ ಹೊಲ ಎಷ್ಟು ಎಂದು ಕೇಳಿದ ಮರುಗಳಿಗೆ ಹಗೇವು ಎಷ್ಟು ಎಂದು ಕೇಳುತ್ತಿದ್ದರು. ಗಂಗಮ್ಮನವರು ಎರಡು, ಎರಡೂ ತುಂಬಿವೆ ಎಂದಿದ್ದರು. ಹಿತ್ತಲಿನದು ತುಂಬಿತ್ತು. ಅಂಗಳದ್ದು ತುಂಬಿರಲಿಲ್ಲ.

"ಹುಡುಗೀನ್ನ ಧಾರವಾಡದಾಗ ಮಾಸ್ತರಕಿ ಟ್ರೇನಿಂಗಿಗೆ ಹಾಕಿದ್ದೆ. ಅದಕ್ಕ ಹ್ವಾದವರ್ಷ ಇದರಾಗಿನ ಜ್ವಾಳ ತಗದು ಮಾರೇನಿ. ಬೀಗರಿಗೆ ಹೇಳಾಕ ಧೈರ್ಯ ಆಗಲಿಲ್ಲ. ಇವತ್ತ ಗೊತ್ತಾತಂದ್ರ ನನ್ನ ಮಗಳು ಜೀವ ಇರೂತನಕ ‘ಸುಳ್ಳು ಹೇಳಿದವ್ರ ಮಗಳು’ ಅನಸ್ಕೊಂತಾಳ."

ನನಗೆ ಆಗ ಎಲ್ಲ ಹೊಳೆಯಿತು. ಮಾನಪ್ಪನ ಕಂಡಿ ಕೆಳಮುಖ. ಕೆಳಗೆ ಮಣ್ಣು ಮೆತ್ತದ ಸಡಿಲ ಚಪ್ಪಡಿ. ಅದರ ಕೆಳಗೆ ಹತ್ತಡಿ ಆಳದ ಖಾಲಿ ಗುಂಡಿ. ಕೊಡದ ಬಾಯಿಗೆ ಊದಿದರೆ ಒಂದೇ ಸ್ವರಕ್ಕೆ ಕೊಡ ದನಿಗೂಡುತ್ತದಲ್ಲ, ಹಾಗೆ ಆ ಹಗೇವು ನನ್ನ ‘ಎ’ ಸ್ವರಕ್ಕೆ ದನಿಗೂಡಿಸುತ್ತಿತ್ತು. ಜೋಳ ತುಂಬಿದ್ದರೆ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ನನ್ನ ಮೂವತ್ತು ವ್ಯಾಟಿನ ಪೆಟ್ಟಿಗೆ ಆ ಮನೆಯ ಗುಟ್ಟನ್ನು ಊರಿಗೆಲ್ಲ ಸಾರುತ್ತಿತ್ತು.

ದನಿ ಇಳಿಸಿದರೆ ಗಂಗಮ್ಮನವರ ಮರ್ಯಾದೆ ಉಳಿಯುತ್ತದೆ, ಆದರೆ ಮಾಸ್ತರರ ಮೂರನೆಯ ಬೆರಳು ಎದ್ದೇ ಏಳುತ್ತದೆ. ಇಳಿಸದಿದ್ದರೆ ನಾನು ಪಾರ್ಟಿಯಲ್ಲಿ ಉಳಿಯುತ್ತೇನೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಕೂಡಲೇ ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ದನಿ ಇಳಿಸಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡು, ಎರಡೂ ಆಗುವ ಹಾದಿ ಇದೆಯೇನೋ ಎಂದು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ತಡವಾಯಿತು.

ಮದುಮಗನ ಸೋದರಮಾವ ಕುರ್ತಕೋಟಿಯವರು. ಹೊಲಗೆಲಸ ಬಲ್ಲ ಮನುಷ್ಯ, ಬಾಯಿ ಜೋರು. ಕೂತಲ್ಲಿಂದಲೇ ಬಡಿಗೆಯಿಂದ ನೆಲ ಕುಟ್ಟಿ ಎಲ್ಲರಿಗೂ ಕೇಳುವ ಹಾಗೆ ಕೂಗಿದರು:

"ಏನ್ರೀ ಬೀಗತೇರ, ನೆಲ ಹಿಂಗ್ಯಾಕ ಗುಂಯ್ಯಂತೈತಿ? ಕೆಳಗ ಪೊಳ್ಳೈತೇನು?"

ಹಂದರದಲ್ಲಿ ಕೂತವರೆಲ್ಲ ನೆಲದ ಕಡೆ ನೋಡಿದರು. ಗಂಗಮ್ಮನವರ ಮುಖದ ನಗು ಹಾಗೇ ಇತ್ತು, ಬಣ್ಣ ಮಾತ್ರ ಇಳಿದಿತ್ತು. ಮಂಟಪದಲ್ಲಿ ಕೂತ ಮದುಮಗಳು ತಲೆ ತಗ್ಗಿಸಿದಳು. ಅವಳನ್ನು ನೋಡಿ ನನ್ನ ಸ್ವಾರ್ಥದ ಮೇಲೆ ನನಗೇ ಹೇಸಿಗೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಪೊಳ್ಳಲ್ರಿ ಯಜಮಾನ್ರ. ನಮ್ಮ ಪೆಟ್ಟಿಗಿ ದನೀನ ಹಂಗೈತ್ರಿ. ಎಲ್ಲಿಟ್ರೂ ಹಿಂಗ."

"ಎಲ್ಲಿಟ್ರೂ ಹಿಂಗ?" ಮಾವ ಮೀಸೆ ತಿರುವಿದರು. "ಮೂವತ್ತು ವರ್ಷ ಹಗೇವು ತಗದು ತುಂಬಿದಾಂವಗ ಹೇಳ್ತೀಯೇನಲೇ?"

ಆಗ ಮದುಮಗನ ಕಡೆಯ ಹಿರಿಯರು, ಮದುಮಗನ ದೊಡ್ಡಪ್ಪ ರುದ್ರಪ್ಪನವರು, ಎದ್ದು ನಿಂತರು. ಗದಗಿನಲ್ಲಿ ಕಾಳಿನ ವ್ಯಾಪಾರ ಅವರದು. ಬಿಳಿ ಟೋಪಿ, ತಣ್ಣಗಿನ ಮಾತು.

"ವಾದ ಯಾಕೋ? ಪೆಟ್ಟಿಗಿ ಎತ್ತಿ ಬ್ಯಾರೆ ಕಡೆ ಇಡಲಿ. ದನಿ ಹೋತಂದ್ರ ಅದು ಹಗೇವಿಂದು, ಉಳೀತಂದ್ರ ಪೆಟ್ಟಿಗೀದು." ತಮ್ಮ ಕೋಲನ್ನು ಎತ್ತಿ ಅಂಗಳದ ಈಶಾನ್ಯ ಮೂಲೆಗೆ ತೋರಿಸಿದರು. "ಅಕಾ, ಆ ಮೂಲ್ಯಾಗ ಇಡ್ರಿ."

ಮಾಸ್ತರ ನನ್ನ ಕಡೆ ನೋಡಿದ ನೋಟದಲ್ಲಿ, ಇವತ್ತು ನಮ್ಮನ್ನೆಲ್ಲ ಹೊಡೆಸಿ ಹಾಕ್ತೀ ಎಂಬ ಮಾತು ಸ್ಪಷ್ಟವಾಗಿತ್ತು. ಆದರೆ ನನ್ನ ಎದೆಯಲ್ಲಿ ಒಂದು ಸಣ್ಣ ಆಸೆ ಚಿಗುರಿತು. ಬ್ಯಾಂಡಿನಲ್ಲಿದ್ದಾಗ ತಂದೆ ಅಗಲವಾದ ರಸ್ತೆಯಲ್ಲಿ ಸದಾ ಗೋಡೆಯ ಬದಿ ಹಿಡಿದೇ ನಡೆಯುತ್ತಿದ್ದರು. ಕೇಳಿದರೆ, ಗೋಡೆ ದನಿಯನ್ನು ತಿರುಗಿಸಿ ಕೊಡುತ್ತದೆ ಎನ್ನುತ್ತಿದ್ದರು. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಅದೂ ಕಲ್ಲಿನ ಗೋಡೆಯ ಮೂಲೆಯಲ್ಲಿ, ದಪ್ಪ ದನಿಗೆ ಹೋಗಲು ಬೇರೆ ದಾರಿಯೇ ಇರುವುದಿಲ್ಲ. ಇಡೀ ಅಂಗಳದಲ್ಲಿ ನನ್ನ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಆ ಹಿರಿಯರ ಕೋಲಿಗೆ ದೇವರೇ ದಿಕ್ಕು ತೋರಿಸಿರಬೇಕು ಎಂದುಕೊಂಡೆ.

ನಾಲ್ಕು ಜನ ಸೇರಿ ಪೆಟ್ಟಿಗೆ ಹೊತ್ತೆವು. ಮೂಲೆಗೆ ಒಂದು ಗೇಣು ಜಾಗ ಬಿಟ್ಟು, ಎರಡು ಗೋಡೆಗೂ ಸಮನಾಗಿ ಇಟ್ಟೆ. ಆಂಪ್ಲಿಫೈಯರಿನ ದನಿಯನ್ನು ಅರ್ಧದಿಂದ ಮುಕ್ಕಾಲಿಗೆ ಏರಿಸಿದೆ. ಅದಕ್ಕಿಂತ ಏರಿಸಿದರೆ ತೇಪೆ ಹಚ್ಚಿದ ಸ್ಪೀಕರ್ ಹರಿದು ಆ ಮನೆಯ ಮಾನವೂ ಹರಿಯುತ್ತಿತ್ತು. ಡ್ರಮ್ ನುಡಿಸುವ ಪ್ರಕಾಶನ ಕಿವಿಯಲ್ಲಿ ಹೇಳಿದೆ, "ನಾ ಮೀಟಿದಾಗೆಲ್ಲ ನೀ ಕಾಲಿನ ಡ್ರಮ್ ಒದಿ. ಒಂದೂ ಬಿಡಬ್ಯಾಡ." ಅವನು ಯಾಕೆ ಎಂದು ಕೇಳದೆ ತಲೆಯಾಡಿಸಿದ. ಒಳ್ಳೆಯ ಡ್ರಮ್ಮರಿನ ಗುಣ ಅದು.

ಮೂರನೆಯ ಹಾಡು. ಬೆರಳನ್ನು ಗಿಟಾರಿನ ಕತ್ತಿನ ಹತ್ತಿರ ತಂದೆ, ಅಲ್ಲಿ ಮೀಟಿದರೆ ದನಿ ದುಂಡಗಾಗುತ್ತದೆ. ‘ಎ’ ತಂತಿ ಮೀಟಿದೆ. ಪ್ರಕಾಶ ಒದ್ದ.

ಗುಂಯ್.

ಹಗೇವಿನ ದನಿ ಪೂರ್ತಿ ಇರಲಿಲ್ಲ, ನನ್ನ ಕಿವಿಗೆ ಮುಕ್ಕಾಲು ಪಾಲು ಕೇಳಿತು. ಉಳಿದ ಕಾಲು ಪಾಲನ್ನು ಪ್ರಕಾಶನ ಕಾಲು ತುಂಬಿತು. ಕುರ್ತಕೋಟಿಯ ಮಾವ ಎದ್ದು ಬಂದರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ನೆಲದ ಮೇಲೆ ಇಟ್ಟರು. ಕೊನೆಗೆ ಗೋಡೆಯ ಮೇಲೆ ಇಟ್ಟು ಕಣ್ಣರಳಿಸಿದರು.

"ಅಲ್ಲೋ, ಗ್ವಾಡೀನೂ ಗುಂಯ್ಯಂತೈತಲ್ಲೋ!"

"ಹಂಗಾರ ಗ್ವಾಡೀನೂ ಪೊಳ್ಳೇನ್ರಿ ಮಾವಾರ?" ಎಂದು ಹಿಂದಿನಿಂದ ಯಾರೋ ಹೆಣ್ಣುಮಗಳು ಕೇಳಿದಳು. ಹಂದರಕ್ಕೆ ಹಂದರವೇ ಘೊಳ್ಳೆಂದು ನಕ್ಕಿತು. ಮಾವ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ತಾವೂ ನಕ್ಕು, ಗೋಡೆಗೆ ಕಿವಿ ಹಚ್ಚಿ ಪೂರ್ತಿ ಹಾಡು ಕೇಳಿದರು. ಹಾಡು ಮುಗಿದ ಮೇಲೆ ಇನ್ನೊಂದಕ್ಕೆ ಫರ್ಮಾಯಿಶ್ ಮಾಡಿದವರೂ ಅವರೇ. ಮದುಮಗಳು ತಲೆ ಎತ್ತಿದ್ದಳು. ನಾನು ಅವತ್ತು ನುಡಿಸಿದಷ್ಟು ಚೆನ್ನಾಗಿ ಅದಕ್ಕೆ ಮೊದಲು ನುಡಿಸಿರಲಿಲ್ಲ, ಆಮೇಲೂ ಅಂಥ ದಿನಗಳು ಎಣಿಸುವಷ್ಟೇ.

ಆರು ಗಂಟೆಗೆ ಪ್ರೋಗ್ರಾಂ ಮುಗಿಯಿತು. ಮಾಸ್ತರ ಅಕಾರ್ಡಿಯನ್ ಕೆಳಗಿಟ್ಟು ನನ್ನ ಬಳಿ ಬಂದರು. ಬೆರಳು ಯಾವುದನ್ನೂ ಎತ್ತಲಿಲ್ಲ. "ಕೀಬೋರ್ಡ್ ಗ್ವಾಡಿ ಅಲುಗಿಸೂದಿಲ್ಲ ಬಿಡು" ಎಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಹೋದರು. ನಿಜ ಹೇಳಬೇಕೆಂದರೆ ನಾಲ್ಕು ವರ್ಷದ ಮೇಲೆ ಅವರು ಕೀಬೋರ್ಡ್ ತಂದೇ ತಂದರು. ಆದರೆ ಅದರ ಎಡಬದಿಯ ಬೇಸ್ ಮುಟ್ಟಲು ಯಾರನ್ನೂ ಬಿಡಲಿಲ್ಲ. ನಾನು ಆ ಪಾರ್ಟಿಯಲ್ಲಿ ಇನ್ನೂ ಹನ್ನೊಂದು ವರ್ಷ ನುಡಿಸಿದೆ.

ಮೂಲೆಯಲ್ಲಿ ಕೂತು ವೈರು ಸುತ್ತುತ್ತಿದ್ದಾಗ ರುದ್ರಪ್ಪನವರು ಬಂದರು. ಸುತ್ತ ಯಾರೂ ಇರಲಿಲ್ಲ. ಚಪ್ಪಡಿಯ ಕಡೆ ಒಮ್ಮೆ ನೋಡಿ, ಪೆಟ್ಟಿಗೆಯ ಮೇಲೆ ಕೋಲಿನಿಂದ ಮೆಲ್ಲಗೆ ತಟ್ಟಿದರು.

"ಛಲೋ ಬಾರಿಸಿದಿ. ಮೂಲಿ ಕೆಲಸ ಮಾಡಿತು ನೋಡು."

ನಾನು ಏನೂ ತಿಳಿಯದವನ ಹಾಗೆ, "ಪೆಟ್ಟಿಗಿ ದನೀನ ಹಂಗೈತ್ರಿ ಅಜ್ಜಾರ" ಎಂದೆ.

ಅವರು ನಕ್ಕರು. "ತಮ್ಮಾ, ನಲವತ್ತು ವರ್ಷ ಕಾಳಿನ ಹರಾಜಿನ್ಯಾಗ ಸವಾಲು ಕೂಗೇನಿ. ಎಂಥಾ ಗದ್ದಲದಾಗೂ ಯಾವ ಮೂಲ್ಯಾಗ ನಿಂತ್ರ ನನ್ನ ದನಿ ದೊಡ್ಡದಾಗತೈತಿ ಅಂತ ನನಗ ಗೊತ್ತಿಲ್ಲೇನು? ಬರಿದು ಹಗೇವು ಹೆಂಗ ನುಡೀತೈತಿ ಅಂತ ಗೊತ್ತಿಲ್ಲೇನು? ನಿನ್ನ ಮೊದಲನೇ ಹಾಡಿಗೇ ತಿಳೀತು."

ನನ್ನ ಕೈಯ ವೈರು ಕೆಳಗೆ ಬಿತ್ತು.

"ಅಂವಾ ಕುರ್ತಕೋಟಿಯಾಂವ ಬಾಯಿ ತಗದಮ್ಯಾಲ ನಾಲ್ಕು ಮಂದಿ ಎದುರಿಗೆ ಪರೀಕ್ಷಾ ಆಗಲೇಬೇಕಿತ್ತು. ಇಲ್ಲಂದ್ರ ಆ ಮಾತು ಹುಡುಗೀ ಹಿಂದ ನಮ್ಮ ಮನೀತನಕ ಬರತಿತ್ತು. ಅದಕ್ಕ ಗೆಲ್ಲೂ ಮೂಲಿ ತೋರಿಸಿದೆ." ಕೋಲು ಊರಿಕೊಂಡು ಹೇಳಿದರು, "ಹುಡುಗಿ ಟ್ರೇನಿಂಗ್ ಮಾಡ್ಯಾಳಂತ ಕೇಳಿದಾಗನ ಜ್ವಾಳ ಎಲ್ಲಿ ಹೋಗಿರಬೇಕಂತ ಅಂದಾಜು ಮಾಡಿದ್ದೆ. ಜ್ವಾಳಕ್ಕ ನುಸಿ ಹತ್ತತೈತಿ. ಆಕಿ ಕಲ್ತದ್ದಕ್ಕ ಏನು ಹತ್ತತೈತಿ? ಗಂಗಮ್ಮಗ ಇದನ್ನ ಹೇಳಬ್ಯಾಡ. ಆಕಿ ಗೆದ್ದೇನಂತ ತಿಳಕೊಳ್ಳಲಿ."

ನಾನು ಹೇಳಲಿಲ್ಲ. ಈಗ ಆ ಹಿರಿಯರೂ ಇಲ್ಲ, ಗಂಗಮ್ಮನವರೂ ಇಲ್ಲ, ಆ ಮನೆ ಯಾವುದೆಂದು ಯಾರೂ ಗುರುತು ಹಿಡಿಯದ ಹಾಗೆ ಜನರ ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ.

ಗಿಟಾರ್ ಕೊಳ್ಳಲು ಹೊರಟ ಹುಡುಗರು ಇಂದಿಗೂ ನನ್ನ ಬಳಿ ಬಂದು ಯಾವುದು ತಗೋಬೇಕು, ಎಷ್ಟು ವ್ಯಾಟ್ ಬೇಕು ಎಂದು ಕೇಳುತ್ತಾರೆ. ಕತ್ತು ನೆಟ್ಟಗಿರುವ ಗಿಟಾರ್ ಆರಿಸು, ಹೆಗಲಿಗೆ ಭಾರವಾಗದ್ದು ಆರಿಸು, ಪೆಟ್ಟಿಗೆ ಇಡುವ ಮುಂಚೆ ಆ ಜಾಗ ಯಾರದು, ಕೆಳಗೆ ಏನಿದೆ ಎಂದು ಮನೆಯವರನ್ನು ಕೇಳು ಎಂದು ಹೇಳುತ್ತೇನೆ. ಅವರು ಕೊನೆಯ ಮಾತಿಗೆ ನಗುತ್ತಾರೆ. ಬೇಸ್ ನುಡಿಸುವವನ ಕೆಲಸ ಮೇ ತಿಂಗಳ ಆ ಸಂಜೆಯಷ್ಟು ಸ್ಪಷ್ಟವಾಗಿ ನನಗೆ ಬೇರೆಂದೂ ತಿಳಿಯಲಿಲ್ಲ. ಕೆಳಗೆ ನಿಂತು ಇನ್ನೊಬ್ಬರನ್ನು ಎತ್ತಿ ಹಿಡಿಯಬೇಕು, ತಾನು ಹಿಡಿದದ್ದು ಯಾರಿಗೂ ತಿಳಿಯಬಾರದು. ಮುಂಡರಗಿಯ ಹಂದರದಲ್ಲಿ ನನ್ನ ಕೊರಳಲ್ಲಿ ಗಿಟಾರ್ ಇತ್ತು, ಕೇಳಿದವರೆಲ್ಲ ನನಗೆ ಶಾಬಾಸ್ ಎಂದರು. ಆದರೆ ಅಂದು ಅಲ್ಲಿ ನನಗಿಂತ ಚೆನ್ನಾಗಿ ಬೇಸ್ ನುಡಿಸಿದವರು ರುದ್ರಪ್ಪನವರು.